ಬಿಗಿಯುವ ಕೈ, ಬಿಡುವ ಕೈ: ಪಿಯಾನೋ ಪಾಠದಲ್ಲಿ ಮೈಯನ್ನು ಕಲಿಸುವ ಬಗೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಗಡಿನಾಡ ಕನ್ನಡದ ಬಗ್ಗೆ ನಡೆಯುತ್ತಿರುವ ಈ ಸರಣಿಯಲ್ಲಿ ಪಿಯಾನೋ ಎಲ್ಲಿಂದ ಬಂತು ಅಂತ ಕೆಲವರಿಗೆ ಅನಿಸಿರಬಹುದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕಾಸರಗೋಡಿನಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತೇನೆ. ನನ್ನ ಹತ್ತಿರ ಬರುವ ಮಗುವಿಗೆ ಮನೆಯಲ್ಲಿ ಕನ್ನಡವೋ ತುಳುವೋ, ಪೇಟೆಯಲ್ಲಿ ಮಲಯಾಳ, ಪಿಯಾನೋ ಪುಸ್ತಕದಲ್ಲಿ ಇಂಗ್ಲಿಷ್. ಸ್ವರದ ಹೆಸರು ಯಾವ ಭಾಷೆಯಲ್ಲಿ ಇದ್ದರೂ ಪಾಠ ನಡೆಯುತ್ತದೆ. ಆದರೆ ಕೂರುವುದು, ಎತ್ತುವುದು, ಒತ್ತುವುದು, ಬಿಡುವುದು ಇವೆಲ್ಲ ಮೈಗೆ ಹೇಳುವ ಮಾತುಗಳು. ಇವು ಮನೆಮಾತಿನಲ್ಲಿ ಹೇಳಿದರೆ ಮಾತ್ರ ಮೈಗೆ ತಲುಪುತ್ತವೆ ಅಂತ ನನಗೆ ಅರ್ಥವಾಗಲು ತುಂಬ ವರ್ಷ ಬೇಕಾಯ್ತು. ಇವತ್ತಿನ ಮಾತು ಅದರ ಬಗ್ಗೆ.

‘ಸಡಿಲ ಬಿಡು’ ಎಂಬ ಮಾತಿನ ತೊಂದರೆ

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ದೊಡ್ಡ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೆ. ದಿನಕ್ಕೆ ಒಂದೂವರೆ ಗಂಟೆ ಇದ್ದ ಅಭ್ಯಾಸವನ್ನು ಎರಡೇ ವಾರದಲ್ಲಿ ನಾಲ್ಕು ಗಂಟೆಗೆ ಏರಿಸಿದೆ. ಬಲಗೈ ಮುಂಗೈಯಲ್ಲಿ ಉರಿ ಶುರುವಾಯ್ತು. ಮೇಷ್ಟ್ರಿಗೆ ಹೇಳಿದರೆ ‘ಸಡಿಲ ಬಿಡು, ಸಡಿಲ ಬಿಡು’ ಅಂತ ಗದರುತ್ತಿದ್ದರು. ಗದರಿದಾಗ ಯಾರ ಕೈ ಸಡಿಲವಾಗ್ತದೆ ಹೇಳಿ? ಇನ್ನೂ ಸೆಟೆಯುತ್ತಿತ್ತು. ಮನೆಯಲ್ಲಿ ‘ಕೈ ಕೆಸರಾದರೆ ಬಾಯಿ ಮೊಸರು’ ಅಂದರು. ನಾನೂ ಅದನ್ನೇ ನಂಬಿದೆ. ಪರೀಕ್ಷೆ ಪಾಸಾಯ್ತು. ಆಮೇಲೆ ಸುಮಾರು ಎರಡು ವರ್ಷ ಪಿಯಾನೋ ಮುಟ್ಟಲಿಲ್ಲ. ಬಾಲ್ದಿ ಎತ್ತಲಿಕ್ಕೂ ಕಷ್ಟವಾಗುತ್ತಿತ್ತು.

ಆ ಮೇಷ್ಟ್ರು ಕೆಟ್ಟವರಲ್ಲ. ಅವರಿಗೂ ಯಾರೋ ಹಾಗೆಯೇ ಕಲಿಸಿದ್ದರು. ತೊಂದರೆ ಇರುವುದು ಆ ಆಜ್ಞೆಯಲ್ಲಿ. ಸಂಪೂರ್ಣ ಸಡಿಲವಾದ ಕೈ ತೊಡೆಯ ಮೇಲೆ ಬಿದ್ದಿರುತ್ತದೆ, ಅದು ನುಡಿಸುವುದಿಲ್ಲ. ನುಡಿಸಬೇಕಾದರೆ ಎಲ್ಲೋ ಒಂದು ಕಡೆ ಬಿಗಿ ಬೇಕೇ ಬೇಕು. ಹಾಗಾದರೆ ಎಲ್ಲಿ ಬೇಕು, ಎಷ್ಟು ಬೇಕು, ಯಾವಾಗ ಬಿಡಬೇಕು ಎಂಬುದನ್ನು ಹೇಳದೆ ‘ಸಡಿಲ’ ಅಂದರೆ ಮಗುವಿಗೆ ಏನೂ ಹೇಳಿದ ಹಾಗೆ ಆಗುವುದಿಲ್ಲ. ನನ್ನ ವಾದ ಇಷ್ಟೆ: ಬಿಗಿಯುವುದು ತಪ್ಪಲ್ಲ, ಬಿಗಿದದ್ದನ್ನು ಬಿಡದೆ ಇರುವುದು ತಪ್ಪು. ಬಿಡುವುದನ್ನು ಸ್ವರ, ತಾಳಗಳ ಹಾಗೆ ಒಂದು ಪಾಠವಾಗಿ ಕಲಿಸಬೇಕು, ಮತ್ತು ಅದನ್ನು ಕಲಿಸಲಿಕ್ಕೆ ಸಾಧ್ಯ ಉಂಟು.

ಬೆರಳಿನಿಂದ ತೋಳಿಗೆ: ಒಂದು ಸಣ್ಣ ಇತಿಹಾಸ

‘ಕೈ ಅಲ್ಲಾಡಿಸಬೇಡ, ಬೆರಳು ಮಾತ್ರ ಎತ್ತು’ ಎಂಬ ಶಿಸ್ತು ಎಲ್ಲಿಂದ ಬಂತು? 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಪಿಯಾನೋ ತಯಾರಿಸಿದ. ಅದಕ್ಕೆ ಮುಂಚಿನ ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದವರೇ ಇದನ್ನೂ ನುಡಿಸಿದರು. ಆಗಿನ ವಾದ್ಯಗಳ ಕೀಗಳು ತುಂಬ ಹಗುರ, ಕೆಳಗೆ ಹೋಗುವ ಆಳವೂ ಕಡಿಮೆ, ಹಾಗಾಗಿ ಹೆಚ್ಚಿನ ಕೆಲಸಕ್ಕೆ ಬೆರಳು ಸಾಕಾಗುತ್ತಿತ್ತು. 19ನೆಯ ಶತಮಾನದಲ್ಲಿ ಕಬ್ಬಿಣದ ಚೌಕಟ್ಟು ಬಂತು, ತಂತಿ ದಪ್ಪವಾಯಿತು, ಸುತ್ತಿಗೆ ದೊಡ್ಡದಾಯಿತು, ಕೀ ಭಾರವಾಯಿತು. ವಾದ್ಯ ಬದಲಾಯಿತು, ಕಲಿಸುವ ಕ್ರಮ ಬದಲಾಗಲಿಲ್ಲ.

ಅದಕ್ಕಿಂತ ಹೆಚ್ಚಾಗಿ, ಕೈಯನ್ನು ಕಟ್ಟಿಹಾಕುವ ಯಂತ್ರಗಳೇ ಬಂದವು. ಐರ್ಲೆಂಡಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಯೊಹಾನ್ ಬರ್ನ್‌ಹಾರ್ಡ್ ಲೋಗಿಯರ್ 1814ರಲ್ಲಿ ‘ಕೈರೋಪ್ಲಾಸ್ಟ್’ ಎಂಬ ಸಾಧನಕ್ಕೆ ಪೇಟೆಂಟ್ ಪಡೆದ. ಎರಡು ಅಡ್ಡಪಟ್ಟಿಗಳ ನಡುವೆ ಕೈ, ಒಂದೊಂದು ಬೆರಳಿಗೆ ಒಂದೊಂದು ಖಾನೆ. ರಾಬರ್ಟ್ ಶೂಮನ್ ದೊಡ್ಡ ಪಿಯಾನೋ ವಾದಕನಾಗಬೇಕೆಂದು ಹೊರಟವನು. 1832ರ ಹೊತ್ತಿಗೆ ಅವನ ಬಲಗೈಯ ನಡುಬೆರಳು ಮಾತು ಕೇಳದೆ ಹೋಯಿತು. ಬೆರಳಿಗೆ ಬಲ ಬರಲಿ ಎಂದು ಅವನು ಒಂದು ಸಾಧನ ಬಳಸಿದ್ದ. ಅದೇ ಕಾರಣವೋ ಬೇರೆ ರೋಗವೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮಗೆ ಶೂಮನ್ ಸಂಗೀತಕಾರನಾಗಿ ದಕ್ಕಿದ. ಆದರೆ ಅವನ ಕೈ ಹೋಯಿತು.

ಅದೇ ಕಾಲದಲ್ಲಿ ಶೋಪೆನ್ ಬೇರೆ ದಾರಿ ಹಿಡಿದಿದ್ದ. ಅವನು ಬರೆಯಲು ಶುರು ಮಾಡಿ ಮುಗಿಸದೆ ಬಿಟ್ಟ ಬೋಧನಾ ಟಿಪ್ಪಣಿಗಳಲ್ಲಿ ಕೈ ಇಡುವ ಮೊದಲ ಸ್ಥಾನ ಐದು ಬಿಳಿ ಕೀಗಳ ಮೇಲೆ ಅಲ್ಲ. ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ. ಅಂದರೆ ಉದ್ದದ ಮೂರು ಬೆರಳು ಎತ್ತರದ ಕಪ್ಪು ಕೀಗಳ ಮೇಲೆ, ಗಿಡ್ಡ ಬೆರಳುಗಳು ಬಿಳಿಯ ಮೇಲೆ. ಒಮ್ಮೆ ಇಟ್ಟು ನೋಡಿ, ಕೈ ತಾನಾಗಿ ಗುಂಡಗಾಗ್ತದೆ. ಎಲ್ಲ ಬೆರಳನ್ನೂ ಸಮ ಮಾಡುವ ಹಟ ಅವನಿಗೆ ಇರಲಿಲ್ಲ. ಒಂದೊಂದು ಬೆರಳಿಗೆ ಒಂದೊಂದು ಗುಣ ಎಂಬುದು ಅವನ ನಿಲುವು.

ನೋವನ್ನೇ ವಿಷಯ ಮಾಡಿಕೊಂಡು ಬರೆದವನು ಬರ್ಲಿನ್ನಿನ ಶಿಕ್ಷಕ ಲುಡ್ವಿಗ್ ಡೆಪ್ಪೆ. ಪಿಯಾನೋ ವಾದಕರ ತೋಳುನೋವಿನ ಬಗ್ಗೆ 1885ರಲ್ಲಿ ಅವನ ಲೇಖನ ಬಂತು. ಬೆರಳು ಒಂಟಿಯಾಗಿ ದುಡಿಯಬಾರದು, ಹೆಗಲಿನಿಂದ ಇಡೀ ತೋಳು ಜೊತೆಗೆ ಬರಬೇಕು ಎಂದ. ಮುಂದೆ 1903ರಲ್ಲಿ ಲಂಡನ್ನಿನ ಟೋಬಿಯಾಸ್ ಮ್ಯಾಥೆ, 1905ರಲ್ಲಿ ಜರ್ಮನಿಯ ರುಡಾಲ್ಫ್ ಬ್ರೈಟ್‌ಹೌಪ್ಟ್ ದೊಡ್ಡ ಪುಸ್ತಕಗಳನ್ನು ಬರೆದರು. ತೋಳಿನ ಭಾರ, ಸಡಿಲಿಕೆ ಇವು ಮಂತ್ರದಂತಾದವು. ಇಲ್ಲಿ ಇನ್ನೊಂದು ಬದಿಯ ಅತಿ ಶುರುವಾಯಿತು, ಸಡಿಲಿಕೆಯೇ ಎಲ್ಲ ಎಂಬ ಅತಿ. 1929ರಲ್ಲಿ ಬಾಲ್ಟಿಮೋರಿನ ಓಟೋ ಓರ್ಟ್‌ಮನ್ ಪ್ರಯೋಗಶಾಲೆಯಲ್ಲಿ ಅಳೆದು ತೋರಿಸಿದ: ವೇಗ, ಬಲ ಹೆಚ್ಚಿದ ಹಾಗೆ ಕೀಲುಗಳು ಒಂದಷ್ಟು ಬಿಗಿಯಲೇಬೇಕು, ಪೂರ್ತಿ ಸಡಿಲ ಎಂಬುದು ನುಡಿಸುವ ಕೈಯಲ್ಲಿ ಇಲ್ಲ. ನನ್ನ ಮೇಷ್ಟ್ರ ಮಾತಿಗೆ ಉತ್ತರ ಅಷ್ಟು ಹಿಂದೆಯೇ ಇತ್ತು!

ವಾದ್ಯದ ಒಳಗೆ, ಕೈಯ ಒಳಗೆ

ಎಲ್ಲಿ ಎಷ್ಟು ಬಿಗಿ ಬೇಕು ಅಂತ ತಿಳಿಯಲು ಎರಡು ಕಡೆ ನೋಡಬೇಕು.

ಮೊದಲು ವಾದ್ಯ. ಇವತ್ತಿನ ಪಿಯಾನೋದಲ್ಲಿ ನಡುವಿನ ಒಂದು ಕೀ ಮೆಲ್ಲಗೆ ಕೆಳಗಿಳಿಯಲು ಸುಮಾರು 50 ಗ್ರಾಂ ಭಾರ ಸಾಕು. ಒಂದು ಕೋಳಿಮೊಟ್ಟೆಯ ತೂಕ. ಕೀ ಇಳಿಯುವ ಆಳ ಸುಮಾರು 10 ಮಿಲಿಮೀಟರ್. ಕೀ ತಳ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಒಳಗಿನ ಸುತ್ತಿಗೆ ಕೀಲಿನಿಂದ ಬಿಡಿಸಿಕೊಂಡು ತಾನಾಗಿ ಹಾರಿ ತಂತಿಗೆ ಬಡಿಯುತ್ತದೆ. ಅಲ್ಲಿಂದ ಮುಂದೆ ನೀವು ಎಷ್ಟು ಒತ್ತಿದರೂ ಆ ನಾದಕ್ಕೆ ಏನೂ ಆಗುವುದಿಲ್ಲ. ಸುತ್ತಿಗೆ ಹೋಗಿ ಆಯ್ತು, ಇನ್ನು ಒತ್ತುವುದು ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ. ನಮ್ಮ ಮಕ್ಕಳ ಬಿಗಿಯಲ್ಲಿ ದೊಡ್ಡ ಪಾಲು ಈ ತಳ ಒತ್ತುವ ಬಿಗಿ.

ಇನ್ನು ಕೈ. ಬೆರಳನ್ನು ಮಡಚುವ, ಬಿಡಿಸುವ ದೊಡ್ಡ ಸ್ನಾಯುಗಳು ಬೆರಳಿನೊಳಗೆ ಇಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಉದ್ದನೆಯ ರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ನಮ್ಮಲ್ಲಿ ‘ನರ ಎಳೆದಿದೆ’ ಅನ್ನುವುದು ಹೆಚ್ಚಾಗಿ ಇವುಗಳನ್ನೇ. ಮಣಿಕಟ್ಟು ತೀರ ಕೆಳಗೆ ಬಾಗಿದರೆ ಅಥವಾ ಬದಿಗೆ ತಿರುಚಿದರೆ ಈ ರಜ್ಜುಗಳು ಮೂಲೆ ಸುತ್ತಿ ಎಳೆಯಬೇಕಾಗುತ್ತದೆ. ಉಂಗುರ ಬೆರಳಿನ ರಜ್ಜುವಂತೂ ಅಕ್ಕಪಕ್ಕದವುಗಳ ಜೊತೆ ಅಡ್ಡ ಪಟ್ಟಿಗಳಿಂದ ಕೂಡಿಕೊಂಡಿದೆ. ಅದೊಂದನ್ನೇ ಎತ್ತರ ಎತ್ತು ಅಂತ ಮಗುವಿಗೆ ಹೇಳುವುದು ಜಂಟಿ ಖಾತೆಯಿಂದ ಒಬ್ಬರೇ ದುಡ್ಡು ತೆಗೆಯಿರಿ ಅಂದ ಹಾಗೆ.

ತೋಳು ಎಲ್ಲಿಂದ ಶುರು ಅಂತ ಮಕ್ಕಳನ್ನು ಕೇಳಿದರೆ ಹೆಗಲು ತೋರಿಸುತ್ತಾರೆ. ನಿಜವಾಗಿ ಅಸ್ಥಿಪಂಜರದಲ್ಲಿ ತೋಳು ಮುಂಡಕ್ಕೆ ಎಲುಬಿನಿಂದ ಎಲುಬಿಗೆ ಕೂಡುವ ಜಾಗ ಒಂದೇ, ಎದೆಯೆಲುಬಿನ ಮೇಲ್ತುದಿಯಲ್ಲಿ, ಕೊರಳೆಲುಬು ಶುರುವಾಗುವಲ್ಲಿ. ಅಲ್ಲಿ ಬೆರಳಿಟ್ಟುಕೊಂಡು ತೋಳೆತ್ತಿ ನೋಡಿ, ಚಲನೆ ಗೊತ್ತಾಗ್ತದೆ. ‘ನಿನ್ನ ತೋಳು ಇಲ್ಲಿಂದ’ ಅಂತ ಹೇಳಿದ ಕೂಡಲೇ ಎಷ್ಟೋ ಮಕ್ಕಳ ಹೆಗಲು ತಾನಾಗಿ ಇಳಿಯುವುದನ್ನು ನಾನು ನೋಡಿದ್ದೇನೆ. ದೇಹದ ಬಗ್ಗೆ ತಲೆಯಲ್ಲಿರುವ ನಕ್ಷೆ ಸರಿಯಾದರೆ ಚಲನೆ ಸರಿಯಾಗುತ್ತದೆ ಎಂಬ ಈ ವಿಚಾರವನ್ನು ಅಲೆಕ್ಸಾಂಡರ್ ಪದ್ಧತಿಯ ಶಿಕ್ಷಕರು ಬೆಳೆಸಿದ್ದಾರೆ. ಅದರ ಮೂಲಪುರುಷ ಎಫ್. ಎಂ. ಅಲೆಕ್ಸಾಂಡರ್ 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ನಟ. ವಾಚನ ಮಾಡುವಾಗ ಧ್ವನಿ ಕೈಕೊಡುತ್ತಿದ್ದುದಕ್ಕೆ ಕನ್ನಡಿಯ ಮುಂದೆ ನಿಂತು ಕಾರಣ ಹುಡುಕಿದವನು.

ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಒಂದು ತೋಳಿನ ತೂಕ ಸುಮಾರಾಗಿ ದೇಹದ ತೂಕದ ಶೇಕಡಾ 5. ಅರುವತ್ತು ಕಿಲೋ ಇರುವವರ ತೋಳು 3 ಕಿಲೋ. ಕೀಗೆ ಬೇಕಾದ್ದು 50 ಗ್ರಾಂ. ಹಾಗಾಗಿ ‘ತೋಳಿನ ಭಾರವೆಲ್ಲ ಕೀ ಮೇಲೆ ಬಿಡು’ ಎಂಬುದೂ ಅಕ್ಷರಶಃ ತಪ್ಪು. ಬೆನ್ನು, ಹೆಗಲು ತೋಳನ್ನು ಹೊರಬೇಕು, ಬೇಕಾದಷ್ಟು ಮಾತ್ರ ಬೆರಳ ತುದಿಗೆ ಇಳಿಸಬೇಕು.

ತರಗತಿಯಲ್ಲಿ ನಡೆಯುವುದು

ಮೊದಲ ಪಾಠ ಕುರ್ಚಿ. ಪಿಯಾನೋದ ಕೀಗಳು ನೆಲದಿಂದ ಸುಮಾರು 72 ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ನಮ್ಮ ಮನೆಗಳಲ್ಲಿ ಪಿಯಾನೋ ಎಲ್ಲುಂಟು? ಇರುವುದು ಕೀಬೋರ್ಡ್. ಅದನ್ನು 75 ಸೆಂಟಿಮೀಟರ್ ಎತ್ತರದ ಊಟದ ಮೇಜಿನ ಮೇಲೆ ಇಡುತ್ತಾರೆ, ಕೀ ಹೋಗಿ 85ರ ಹತ್ತಿರ ಕೂರುತ್ತದೆ. ಎದುರಿಗೆ ಪ್ಲಾಸ್ಟಿಕ್ ಕುರ್ಚಿ. ಎಂಟು ವರ್ಷದ ಮಗು ಹೆಗಲನ್ನು ಕಿವಿಯ ತನಕ ಏರಿಸಿ, ಕಾಲು ನೇತಾಡಿಸಿಕೊಂಡು ನುಡಿಸುತ್ತದೆ. ಇದಕ್ಕೆ ‘ಸಡಿಲ ಬಿಡು’ ಅಂದರೆ ಆಗುವುದೇ? ಮೊಣಕೈ ಕೀಗಳ ಮಟ್ಟಕ್ಕೆ ಅಥವಾ ಒಂದಿಷ್ಟು ಮೇಲೆ ಬರಬೇಕು, ಪಾದಕ್ಕೆ ನೆಲ ಸಿಗಬೇಕು. ಕೀಬೋರ್ಡನ್ನು ತಗ್ಗಿನ ಟೀಪಾಯಿಗೆ ಇಳಿಸಿ, ಕುರ್ಚಿಯ ಮೇಲೆ ಮಡಚಿದ ಚಾಪೆ ಹಾಕಿ, ಕಾಲಿನ ಕೆಳಗೆ ಊಟದ ಮಣೆ ಎರಡು ಪೇರಿಸಿ. ಖರ್ಚು ಸೊನ್ನೆ.

ಎರಡನೆಯದು ಬಿಡುವ ಪಾಠ. ಇದಕ್ಕೆ ನನಗೆ ಮಾತು ಸಿಕ್ಕಿದ್ದು ಒಬ್ಬ ಅಜ್ಜಿಯಿಂದ. ಹತ್ತು ವರ್ಷದ ಹುಡುಗಿ, ಒಂದು ಸ್ವರ ನುಡಿಸಿ ಮುಂದಿನದಕ್ಕೆ ಹೋದರೂ ಹಿಂದಿನ ಬಿಗಿ ಕೈಯಲ್ಲೇ ಉಳಿಯುತ್ತಿತ್ತು. ನಾನು ಪುಸ್ತಕದ ಇಂಗ್ಲಿಷಿನಲ್ಲಿ, ಮತ್ತೆ ಅದರ ಪುಸ್ತಕದ ಕನ್ನಡದಲ್ಲಿ ಹೇಳಿ ಹೇಳಿ ಸೋತಿದ್ದೆ. ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದ ಅಜ್ಜಿ ಕೇಳಿದರು, ‘ಅದು ಬಾವಿಯಿಂದ ನೀರು ಸೇದಿದ ಹಾಗೆ ಅಲ್ವಾ ಟೀಚರೇ? ಒಂದು ಕೈ ಹಿಡಿಯುವಾಗ ಇನ್ನೊಂದು ಬಿಡ್ಬೇಕು. ಎರಡೂ ಹಿಡ್ಕೊಂಡೇ ಇದ್ರೆ ಕೊಡಪಾನ ಮೇಲೆ ಬರ್ತದಾ?’ ಹುಡುಗಿ ನಕ್ಕಳು. ಅವಳ ಮನೆಯಲ್ಲಿ ಪಂಪು ಉಂಟು, ಆದರೆ ಕರೆಂಟ್ ಹೋದಾಗ ಸೇದಿದವಳೇ. ಗಾಳಿಯಲ್ಲಿ ಹಗ್ಗ ಎಳೆದು ತೋರಿಸಿದಳು. ಹಿಡಿ, ಬಿಡು, ಹಿಡಿ, ಬಿಡು. ಆಮೇಲೆ ಅದನ್ನೇ ಬೆರಳಿಗೆ ತಂದೆವು. ಒಂದು ಸ್ವರ ನುಡಿಸು, ನಾದ ಕೇಳಿದ ಕೂಡಲೇ ಕೀ ಮೇಲೆ ಬಾರದಷ್ಟು ಮಾತ್ರ ಉಳಿಸಿ ಮಿಕ್ಕದ್ದು ಬಿಡು. ಬಿಟ್ಟಳೋ ಇಲ್ಲವೋ ಅಂತ ನೋಡಲು ನಾನು ಅವಳ ಒಪ್ಪಿಗೆ ಕೇಳಿ ಮೊಣಕೈಯನ್ನು ಕೆಳಗಿನಿಂದ ಒಂದು ಬೆರಳಿನಲ್ಲಿ ದೂಡುತ್ತೇನೆ. ತೂಗಿದರೆ ಬಿಟ್ಟಿದ್ದಾಳೆ, ಕಂಬದ ಹಾಗೆ ನಿಂತರೆ ಇಲ್ಲ. ಒಪ್ಪಿಗೆ ಕೇಳುವುದು ಮುಖ್ಯ. ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದ ಮಗುವಿಗೆ ತನ್ನ ಇನ್ನೊಂದು ಕೈಯಿಂದಲೇ ಪರೀಕ್ಷೆ ಮಾಡಲು ಹೇಳಬಹುದು.

ಮೂರನೆಯದು ಹೊರಳಿಸುವ ಪಾಠ. ಎಡಗೈಯಲ್ಲಿ ಕೆಳಗಿನ ಸ್ವರ, ಮೇಲಿನದು, ನಡುವಿನದು, ಮತ್ತೆ ಮೇಲಿನದು ಎಂದು ಸುತ್ತುವ ‘ಆಲ್ಬರ್ಟಿ ಬಾಸ್’ ಮೊಜಾರ್ಟ್‌ನ ಕಾಲದ ಕೃತಿಗಳಲ್ಲಿ ಎಲ್ಲೆಲ್ಲೂ ಬರುತ್ತದೆ. ಬೆರಳೊಂದನ್ನೇ ಎತ್ತಿ ಇದನ್ನು ನುಡಿಸಿದರೆ ಎರಡನೇ ಪುಟಕ್ಕೆ ಕೈ ಕಲ್ಲಾಗುತ್ತದೆ. ಮುಂಗೈಯಲ್ಲಿ ಎರಡು ಎಲುಬುಗಳಿವೆ, ಹೆಬ್ಬೆರಳ ಕಡೆಯದು ಕಿರುಬೆರಳ ಕಡೆಯದರ ಸುತ್ತ ಹೊರಳುತ್ತದೆ. ಬೀಗದ ಕೈ ತಿರುಗಿಸುವ ಚಲನೆ ಅದು. ಅಮೆರಿಕದ ಡೊರೋತಿ ಟೌಬ್‌ಮನ್ ತನ್ನ ಬೋಧನೆಯಲ್ಲಿ ಈ ಹೊರಳಿಕೆಗೆ ದೊಡ್ಡ ಜಾಗ ಕೊಟ್ಟವರು. ನಮ್ಮೂರಲ್ಲಿ ಯಕ್ಷಗಾನ ಚೆಂಡೆ ಬಾರಿಸಲು ಕಲಿತ ಒಬ್ಬ ಮಾಣಿ ನನ್ನ ಹತ್ತಿರ ಬಂದಿದ್ದ. ಅವನಿಗೆ ವಿವರಿಸಬೇಕಾಗಲಿಲ್ಲ. ‘ಕೋಲು ಇಲ್ಲ ಅಂತ ಮಾತ್ರ, ಮಣಿಕಟ್ಟು ಹೊರಳುವುದು ಅದೇ’ ಅಂದ. ಅವನ ಬಿಗಿ ಬೇರೆ ಕಡೆ ಇತ್ತು, ಉಸಿರಲ್ಲಿ. ಕಷ್ಟದ ಜಾಗ ಬಂದಾಗ ಉಸಿರು ಹಿಡಿಯುತ್ತಿದ್ದ. ಎಣಿಕೆಯನ್ನು ಬಾಯಿಬಿಟ್ಟು ಹೇಳಿಸಿದೆ. ಬಾಯಿ ತೆರೆದರೆ ಉಸಿರು ಹೋಗಲೇಬೇಕಲ್ಲ.

ನೋವು ಹೇಳಿದರೆ ನಂಬಬೇಕು

ಇದು ನನ್ನ ಮಾತಿನ ಮುಖ್ಯ ಭಾಗ. ದಣಿವು ಬೇರೆ, ನೋವು ಬೇರೆ. ದಣಿವು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಮರುದಿನವೂ ಉಳಿಯುವ ನೋವು, ಬೆರಳಿಗೆ ಜೋಮು, ರಾತ್ರಿ ಎಬ್ಬಿಸುವ ಉರಿ, ಹಿಡಿದ ಲೋಟ ಜಾರುವುದು, ಇವು ಬಂದರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ನಾವು ಶಿಕ್ಷಕರು ವೈದ್ಯರಲ್ಲ. ಎಲ್ಲ ತೊಂದರೆಯೂ ಬಿಗಿಯಿಂದಲೇ ಬರುವುದಿಲ್ಲ ಎಂಬುದೂ ನೆನಪಿರಲಿ. ಅಮೆರಿಕದ ಲಿಯೋನ್ ಫ್ಲೈಶರ್‌ಗೆ 1960ರ ದಶಕದ ಮಧ್ಯದಲ್ಲಿ ಬಲಗೈಯ ಉಂಗುರ ಬೆರಳು, ಕಿರುಬೆರಳು ಒಳಗೆ ಮಡಚಿಕೊಳ್ಳತೊಡಗಿದವು. ಅದು ಡಿಸ್ಟೋನಿಯಾ, ಮಿದುಳಿಗೂ ಸ್ನಾಯುವಿಗೂ ನಡುವಿನ ಆಜ್ಞೆ ತಪ್ಪುವ ತೊಂದರೆ ಎಂದು ಗೊತ್ತಾಗಲು ದಶಕಗಳೇ ಬೇಕಾದವು. ನಡುವಿನ ವರ್ಷಗಳಲ್ಲಿ ಅವರು ಎಡಗೈ ಕೃತಿಗಳನ್ನು ನುಡಿಸಿದರು, ಕಲಿಸಿದರು. ಚಿಕಿತ್ಸೆಯ ನಂತರ ಎರಡೂ ಕೈಗಳ ಧ್ವನಿಮುದ್ರಿಕೆ ಬಂದದ್ದು 2004ರಲ್ಲಿ.

ನಮ್ಮ ಕೈಯಲ್ಲಿ ಇರುವುದು ತಡೆಯುವ ಕೆಲಸ. ಅಭ್ಯಾಸವನ್ನು ಇಪ್ಪತ್ತು, ಇಪ್ಪತ್ತೈದು ನಿಮಿಷದ ತುಂಡು ಮಾಡಿ ನಡುವೆ ಎದ್ದು ಓಡಾಡಲು ಬಿಡುವುದು. ಪರೀಕ್ಷೆ ಬಂತೆಂದು ಒಮ್ಮೆಲೇ ಅಭ್ಯಾಸ ಏರಿಸದಿರುವುದು. ಸಣ್ಣ ಕೈಗೆ ಸಣ್ಣ ಕೈಯ ಕೃತಿ ಆರಿಸುವುದು. ಪಿಯಾನೋದಲ್ಲಿ ಒಂದು ಅಷ್ಟಕದ ಅಗಲ ಸುಮಾರು 16.5 ಸೆಂಟಿಮೀಟರ್. ಅದು ಮಕ್ಕಳ ಕೈ ನೋಡಿ ಇಟ್ಟ ಅಳತೆ ಅಲ್ಲ. ಯೋಸೆಫ್ ಹಾಫ್‌ಮನ್‌ನಂಥ ಮಹಾ ವಾದಕನೇ ತನ್ನ ಸಣ್ಣ ಕೈಗೆ ತಕ್ಕಂತೆ ಕೀಗಳನ್ನು ಕಿರಿದು ಮಾಡಿಸಿಕೊಂಡಿದ್ದ. ಹಾಗಿರುವಾಗ ನಮ್ಮ ಮಗುವಿನ ಕೈಯನ್ನು ಎಳೆದು ಅಗಲ ಮಾಡುವ ಹಟ ಯಾಕೆ?

ನನ್ನ ನೋವನ್ನು ಅಂದು ಯಾರಾದರೂ ನಂಬಿ ‘ಇವತ್ತಿಗೆ ಸಾಕು’ ಅಂದಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ಈಗ ನನ್ನ ತರಗತಿಯಲ್ಲಿ ಪ್ರತಿ ಪಾಠದ ಮೊದಲ ಪ್ರಶ್ನೆ ‘ಅಭ್ಯಾಸ ಮಾಡಿದಿಯಾ’ ಅಲ್ಲ. ‘ಕೈ ಹೇಗುಂಟು?’

ಸಂವಾದದಿಂದ

*ಸೊಲ್ಲಾಪುರದಿಂದ ಒಬ್ಬ ವಿದ್ಯಾರ್ಥಿನಿ:* ನಮ್ಮ ಕಡೆ ಮಕ್ಕಳು ಮೊದಲು ಭಜನೆಗೆ ಹಾರ್ಮೋನಿಯಂ ಕಲೀತಾರೆ. ಅದು ಪಿಯಾನೋಕ್ಕ ಅಡ್ಡಿ ಆಗ್ತದೇನ್ರಿ?

*ಉತ್ತರ:* ಅಡ್ಡಿಯಲ್ಲ, ಕಿವಿ ತಯಾರಾಗಿರುತ್ತದೆ, ಅದು ದೊಡ್ಡ ಲಾಭ. ಎರಡು ಅಭ್ಯಾಸ ಮಾತ್ರ ಗಮನಿಸಿ. ಎಡಗೈ ತಿದಿ ಒತ್ತುವುದರಿಂದ ನಡು ಒಂದು ಬದಿಗೆ ತಿರುಗಿರುತ್ತದೆ. ಮತ್ತೆ ಹಾರ್ಮೋನಿಯಂನಲ್ಲಿ ಮನೆ ಒತ್ತಿ ಹಿಡಿದಷ್ಟು ಹೊತ್ತು, ಗಾಳಿ ಇದ್ದಷ್ಟು ಹೊತ್ತು ನಾದ ಇರುತ್ತದೆ. ಪಿಯಾನೋದಲ್ಲಿ ಬಡಿದ ಕ್ಷಣದಿಂದ ನಾದ ಇಳಿಯುತ್ತದೆ. ಹಿಡಿದು ಒತ್ತುವ ಅಭ್ಯಾಸ ಅಲ್ಲಿಂದ ಬಂದಿರಬಹುದು. ವ್ಯತ್ಯಾಸ ತೋರಿಸಿ, ಬೈಯಬೇಡಿ.

*ಹೊಸೂರಿನಿಂದ ಒಬ್ಬ ಶಿಕ್ಷಕರು:* ನಮ್ಮ ಹುಡುಗ್ರು ಹಗುರ ಕೀಬೋರ್ಡಲ್ಲಿ ಕಲ್ತು ಪರೀಕ್ಷೇಲಿ ನಿಜವಾದ ಪಿಯಾನೋ ನೋಡಿ ಹೆದರ್ತಾರೆ ಸರ್‍ರೆಲ್ಲ ಕೈ ಬಿಗಿ ಮಾಡು ಅಂತಾರಲ್ಲ?

*ಉತ್ತರ:* ಜೋರು ಬರುವುದು ಸುತ್ತಿಗೆಯ ವೇಗದಿಂದ, ಕೈ ಬಿಗಿಯಿಂದ ಅಲ್ಲ. ಪರೀಕ್ಷೆಗೆ ಮುಂಚೆ ಮೂರು ನಾಲ್ಕು ಸಲವಾದರೂ ಯಾವುದಾದರೂ ನಿಜವಾದ ಪಿಯಾನೋದ ಮುಂದೆ ಕೂರಿಸಿ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಮರ ಉಬ್ಬಿ ಕೀ ಇನ್ನೂ ನಿಧಾನವಾಗುತ್ತದೆ. ಅಲ್ಲಿ ಮಗು ‘ನನಗೆ ಬಲ ಸಾಲದು’ ಅಂದುಕೊಳ್ಳಬಾರದು, ‘ಈ ವಾದ್ಯ ಹೀಗಿದೆ’ ಅಂತ ತಿಳಿಯಬೇಕು.

*ಒಬ್ಬ ಪ್ರಾಧ್ಯಾಪಕರು:* ಇದಕ್ಕೆಲ್ಲ ಕನ್ನಡದಲ್ಲಿ ಪಾರಿಭಾಷಿಕ ಪದಗಳನ್ನು ರಚಿಸಬೇಕು ಎನ್ನುತ್ತೀರಾ?

*ಉತ್ತರ:* ರಚಿಸುವುದಕ್ಕಿಂತ ಮೊದಲು ಹೆಕ್ಕಬೇಕು ಸರ್. ಸೇದುವುದು, ಹೊರಳಿಸುವುದು, ತೂಗುವುದು, ಇಳಿಸುವುದು, ಊರುವುದು. ಇವು ಪದಕೋಶದಲ್ಲಿ ಇರುವುದಕ್ಕಿಂತ ಗಟ್ಟಿಯಾಗಿ ನಮ್ಮ ಜನರ ಮೈಯಲ್ಲಿವೆ. ತಾಳವಾಡಿಯಲ್ಲಿ, ಜತ್ತದಲ್ಲಿ, ಆದೋನಿಯಲ್ಲಿ ಬೇರೆ ಕೆಲಸ, ಬೇರೆ ಮಾತು ಇರುತ್ತದೆ. ನಿಮ್ಮ ಊರಿನಲ್ಲಿ ಬಿಗಿದು ಬಿಡುವ ಕೆಲಸಕ್ಕೆ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ. ನನ್ನ ಮುಂದಿನ ವಿದ್ಯಾರ್ಥಿಗೆ ಬೇಕಾಗಬಹುದು.